ಕಾಣದ್ದನ್ನೂ ಕಾಯ್ದ ಕಣ್ಣು

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ನನ್ನ ಊರು. ಊರಿನ ಹೆಸರಿಗೆ ಅರ್ಥವೇನೆಂದು ಬಾಲ್ಯದಲ್ಲಿ ಕೇಳಿದಾಗ ಮನೆಯ ಹಿರಿಯರು, ‘ವಿರೂಪಾಕ್ಷನೆಂದರೆ ಮುಕ್ಕಣ್ಣ, ನಮ್ಮ ನಿಮ್ಮ ಕಣ್ಣಿನಂತಲ್ಲದ ಕಣ್ಣುಳ್ಳವನು’ ಎಂದಿದ್ದರು. ಆ ದೇವರ ದೊಡ್ಡ ನೆಲೆ ಹಂಪೆಯಲ್ಲಿದೆ ಎಂದು ತಿಳಿದದ್ದು ಆಮೇಲೆ. ನಾನು ಇಂದು ಹೇಳಹೊರಟಿರುವುದೂ ಅಂಥ ಒಂದು ಕಣ್ಣಿನ ಕಥೆಯನ್ನೇ. ಅದು ಗಾಜಿನ ಕಣ್ಣು. ಬಲು ದೊಡ್ಡ ಕ್ಯಾಮರಾಗಳಿಗೆಂದು ಮಾಡಿದ, ದೀರ್ಘವಾದ ಸಂಗಮದೂರವುಳ್ಳ ಮಸೂರ. ಹಂಪೆಯಿಂದ ಕಳೆದುಹೋದ ಒಂದು ಗೋಪುರವನ್ನು ನಮಗೆ ಮರಳಿ ತೋರಿಸಿದ್ದು ಅಂಥ ಮಸೂರವೇ ಆದುದರಿಂದ ಅದರ ಪೂರ್ವೋತ್ತರವನ್ನು ಕನ್ನಡಿಗರು ತಿಳಿದಿರುವುದು ಒಳ್ಳೆಯದು.

ಮೊದಲಿಗೆ ನಮ್ಮ ಸೀಮೆಯಿಂದಲೇ ಆರಂಭಿಸುತ್ತೇನೆ. 1791ರ ಡಿಸೆಂಬರ್ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿಯ ಸಾವನದುರ್ಗವನ್ನು ಹಿಡಿಯಿತು. ಆ ದಂಡಯಾತ್ರೆಯ ಜೊತೆಗೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಅವನು ಮೈಸೂರು ಸೀಮೆಯ ದುರ್ಗಗಳ ಚಿತ್ರಗಳನ್ನು ಬರೆದು 1794ರಲ್ಲಿ ಪುಸ್ತಕವಾಗಿ ಹೊರತಂದ. ಕೋಲ್‌ಬ್ರೂಕ್ ಎಂಬ ಸೈನ್ಯಾಧಿಕಾರಿಯೂ ಅದೇ ಕಾಲದಲ್ಲಿ ಇಂಥ ಚಿತ್ರಗಳನ್ನು ಬರೆದ. ಅವುಗಳಲ್ಲಿ ಸಾವನದುರ್ಗದ ಬಂಡೆಯನ್ನು ಕಂಡಾಗ ನನಗೆ ಸಂತೋಷವೂ ಆಯಿತು, ಒಂದು ಬಗೆಯ ಅತೃಪ್ತಿಯೂ ಆಯಿತು. ಬಂಡೆ ನಮ್ಮದೇ. ಆದರೆ ನಾನು ಬಲ್ಲ ಬಿರುಕುಗಳೂ ನೀರಿಳಿದ ಕಪ್ಪು ಪಟ್ಟೆಗಳೂ ಅಲ್ಲಿಲ್ಲ. ಚಿತ್ರಕಾರನನ್ನು ಇದಕ್ಕಾಗಿ ದೂರುವಂತಿಲ್ಲ. ಕುಂಚ ಬರೆಯುವುದು ಚಿತ್ರಕಾರನು ಕಂಡುದನ್ನು, ಕಂಡುದರಲ್ಲಿಯೂ ಅವನು ಆರಿಸಿಕೊಂಡುದನ್ನು ಮಾತ್ರ. ಅವನು ಬಿಟ್ಟದ್ದನ್ನು ಮುಂದಿನವರು ಎಷ್ಟು ಹುಡುಕಿದರೂ ಆ ಹಾಳೆಯಲ್ಲಿ ಪಡೆಯಲಾರರು.

ಛಾಯಾಗ್ರಹಣ ಬಂದಮೇಲೆ ಈ ಸ್ಥಿತಿ ಬದಲಾಯಿತು. ಇಂಗ್ಲೆಂಡಿನ ಟಾಲ್ಬಟ್ ಕಾಗದದ ನೆಗೆಟಿವಿನ ವಿಧಾನಕ್ಕೆ 1841ರಲ್ಲಿ ಹಕ್ಕುಪತ್ರ ಪಡೆದ. 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಆ ಕಾಗದಕ್ಕೆ ಮೊದಲೇ ಮೇಣ ಹಚ್ಚುವ ಕ್ರಮವನ್ನು ಪ್ರಕಟಿಸಿದ. ಬೋಂಡ ಕಟ್ಟಿಕೊಟ್ಟ ಕಾಗದದಲ್ಲಿ ಎಣ್ಣೆ ಬಿದ್ದ ಜಾಗ ಬೆಳಕನ್ನು ಹಾಯಗೊಡುವುದನ್ನು ಎಲ್ಲರೂ ನೋಡಿದ್ದೇವೆ. ಮೇಣ ಮಾಡುವುದೂ ಅದೇ ಕೆಲಸವನ್ನು. ಮೇಣದ ಕಾಗದದ ಇನ್ನೊಂದು ಗುಣವೆಂದರೆ, ಅದನ್ನು ಮುಂಚಿತವಾಗಿ ಸಿದ್ಧಮಾಡಿ ಕೆಲವು ದಿನ ಇಟ್ಟುಕೊಳ್ಳಬಹುದಾಗಿತ್ತು. ಅದೇ ಕಾಲಕ್ಕೆ ಬಂದ ಒದ್ದೆ ಗಾಜಿನ ವಿಧಾನದಲ್ಲಾದರೋ ಲೇಪ ಒಣಗುವ ಮುನ್ನ, ಕೆಲವೇ ನಿಮಿಷಗಳಲ್ಲಿ, ಎಲ್ಲವೂ ಮುಗಿಯಬೇಕು. ಕತ್ತಲೆಯ ಕೋಣೆಯನ್ನೇ ಹೊತ್ತುಕೊಂಡು ತಿರುಗಬೇಕು. ನಮ್ಮ ಬಿಸಿಲಿನಲ್ಲಿ ಬಂಡೆಗಳ ನಡುವೆ ಅಲೆಯುವವನಿಗೆ ಕಾಗದವೇ ಅನುಕೂಲ.

ಇನ್ನು, ಕ್ಯಾಮರಾ ಅಷ್ಟು ದೊಡ್ಡದಾಗಬೇಕಾದ ಕಾರಣ. ಇಂದು ನಾವು ಉಗುರಿನಷ್ಟು ಚಿತ್ರವನ್ನು ಗೋಡೆಯಷ್ಟು ಹಿಗ್ಗಿಸಬಲ್ಲೆವು. ಆ ದಿನಗಳಲ್ಲಿ ಚಿತ್ರ ಮೂಡಿಸುವ ಕಾಗದಕ್ಕೆ ನೇರವಾದ ಬಿಸಿಲೇ ಬೇಕಾಗಿತ್ತು. ನೆಗೆಟಿವನ್ನು ಆ ಕಾಗದದ ಮೇಲೆ ಒತ್ತಿ ಇರಿಸಿ ಬಿಸಿಲಿಗೆ ಒಡ್ಡುತ್ತಿದ್ದರು. ಹೀಗಾಗಿ ಚಿತ್ರ ಎಷ್ಟು ದೊಡ್ಡದಿರಬೇಕೋ ನೆಗೆಟಿವೂ ಅಷ್ಟೇ ದೊಡ್ಡದು, ನೆಗೆಟಿವಿಗೆ ತಕ್ಕಂತೆ ಪೆಟ್ಟಿಗೆ, ಪೆಟ್ಟಿಗೆಗೆ ತಕ್ಕಂತೆ ಮಸೂರ. ಹಿಗ್ಗಿಸದ ಚಿತ್ರವಾದುದರಿಂದ ಅದರಲ್ಲಿ ಮೂಡಿದ ವಿವರಗಳು ಸಡಿಲವಾಗುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿದಷ್ಟೂ ಹೊಸದೊಂದು ಸಿಕ್ಕುತ್ತದೆ.

ಮಸೂರದ ಸಂಗಮದೂರವೆಂಬ ಮಾತನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ಬಹುದೂರದ ವಸ್ತುವಿನಿಂದ ಬಂದ ಬೆಳಕು ಮಸೂರವನ್ನು ಹಾದು ಎಷ್ಟು ಅಂತರದಲ್ಲಿ ಸ್ಪಷ್ಟ ಬಿಂಬವಾಗಿ ಕೂಡುತ್ತದೆಯೋ ಆ ಅಂತರವೇ ಸಂಗಮದೂರ. ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಟ್ಟ ಹುಡುಗರೆಲ್ಲರೂ ತಮಗೆ ತಿಳಿಯದೆಯೇ ಇದನ್ನು ಅಳೆದವರು. ಚಿತ್ರದ ನೋಟ ಸಹಜವಾಗಿರಬೇಕಾದರೆ ಸಂಗಮದೂರ ಸುಮಾರಾಗಿ ನೆಗೆಟಿವಿನ ಒಂದು ಮೂಲೆಯಿಂದ ಎದುರು ಮೂಲೆಯವರೆಗಿನ ಅಳತೆಯಷ್ಟಿರಬೇಕು. ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ರೀಲಿನ ಕ್ಯಾಮರಾಕ್ಕೆ 50 ಮಿಲಿಮೀಟರು, ಎಂದರೆ ಎರಡು ಅಂಗುಲದ ಸಂಗಮದೂರ ಸಾಕಾಗಿತ್ತು. 16 ಅಂಗುಲಕ್ಕೆ 18 ಅಂಗುಲದ ನೆಗೆಟಿವಿನಲ್ಲಿ ಮೂಲೆಯಿಂದ ಮೂಲೆಗೆ 24 ಅಂಗುಲ. ಅದಕ್ಕೆ ಒಪ್ಪುವ ಮಸೂರವನ್ನು ಹಾಳೆಯಿಂದ ಎರಡು ಅಡಿ ಮುಂದೆ ನಿಲ್ಲಿಸಬೇಕು. ಕ್ಯಾಮರಾದ ಉದ್ದವೇ ಎರಡು ಅಡಿಯಾಯಿತು.

ಉದ್ದ ಹೆಚ್ಚಿದಂತೆ ಕಷ್ಟವೂ ಹೆಚ್ಚುತ್ತದೆ. ಮಸೂರದ ರಂಧ್ರವನ್ನು ಹಿಗ್ಗಿಸದೆ ಸಂಗಮದೂರವನ್ನು ಎರಡರಷ್ಟು ಮಾಡಿದರೆ ಅದೇ ವಸ್ತುವಿನ ಬಿಂಬ ಉದ್ದದಲ್ಲಿಯೂ ಅಗಲದಲ್ಲಿಯೂ ಎರಡರಷ್ಟಾಗುತ್ತದೆ. ಇದ್ದ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹರಡಿ ಕಾಲುಭಾಗಕ್ಕೆ ಇಳಿಯುತ್ತದೆ. ಸರಿ, ರಂಧ್ರವನ್ನು ಹಿಗ್ಗಿಸೋಣವೆಂದರೆ ಇನ್ನೊಂದು ತೊಡಕು: ಹತ್ತಿರದ ಕಂಬ ಸ್ಪಷ್ಟವಾದರೆ ದೂರದ ಗೋಡೆ ಮಸುಕಾಗುತ್ತದೆ. ಎರಡೂ ಸ್ಪಷ್ಟವಾಗಬೇಕಾದರೆ ರಂಧ್ರವನ್ನು ಕಿರಿದುಮಾಡಲೇಬೇಕು. ಅಲ್ಲಿಗೆ ಉಳಿಯುವ ದಾರಿ ಒಂದೇ, ಕಾಯುವುದು. ಮೇಣದ ಕಾಗದದ ಕಾಲದಲ್ಲಿ ಒಂದು ಚಿತ್ರಕ್ಕೆ ಹಲವು ನಿಮಿಷ ಮಸೂರವನ್ನು ತೆರೆದಿಡಬೇಕಾಗಿತ್ತು. ಆ ನಿಮಿಷಗಳಲ್ಲಿ ನಡೆದುಹೋದವರು ಚಿತ್ರದಲ್ಲಿ ಉಳಿಯುತ್ತಿರಲಿಲ್ಲ. ದನ ಹಾದರೂ ಜನ ಹಾದರೂ ಗುರುತಿಲ್ಲ. ನಿಂತ ಕಲ್ಲು ಮಾತ್ರ ನಿಲ್ಲುತ್ತಿತ್ತು. ಹಳೆಯ ಚಿತ್ರಗಳಲ್ಲಿ ನಮ್ಮ ಬೀದಿಗಳು ಬರಿದಾಗಿ ತೋರುವುದನ್ನು ಕಂಡು ಇಲ್ಲಿ ಜನವೇ ಇರಲಿಲ್ಲವೆಂದು ಭಾವಿಸಬಾರದು.

ಇಂಥ ಮಸೂರಗಳು ವಿರಳವಾದುದಕ್ಕೂ ಕಾರಣವುಂಟು. ಸಣ್ಣ ಗಾಜಿನಲ್ಲಿ ಗುಳ್ಳೆ, ಎಳೆ, ಅಲೆಗಳಿಲ್ಲದ ತುಂಡನ್ನು ಆರಿಸಿಕೊಳ್ಳಬಹುದು. ಅಂಗೈಯಗಲದ, ಹರಿವಾಣದಗಲದ ಬಿಲ್ಲೆಯೇ ಬೇಕೆಂದಾಗ ಆಯ್ಕೆ ಉಳಿಯುವುದಿಲ್ಲ. ಗಾಜನ್ನು ಬಹು ನಿಧಾನವಾಗಿ ಆರಿಸಬೇಕು. ಅವಸರಪಟ್ಟರೆ ಒಳಗೆ ಬಿಗಿತ ಉಳಿದು ಬೆಳಕು ವಕ್ರವಾಗುತ್ತದೆ. ಅನಂತರ ಉಜ್ಜುವ ಕೆಲಸ. ಚನ್ನಪಟ್ಟಣದ ಕುಶಲಿಗರು ತಿರುಗುವ ಆಲೆಮರದ ತುಂಡಿಗೆ ಅರಗು ಹತ್ತಿಸಿ, ತಾಳೆಗರಿ ಹಿಡಿದು ಹೊಳಪು ತರುವುದನ್ನು ನೋಡಿದವರಿಗೆ ಈ ಕೆಲಸದ ರೀತಿ ಸುಲಭವಾಗಿ ತಿಳಿದೀತು. ಅಲ್ಲಿ ಕೈಯ ಒತ್ತಡ ತುಸು ಹೆಚ್ಚಾದರೆ ಬುಗುರಿಯ ಅಂದ ಕೆಡುತ್ತದೆ. ಇಲ್ಲಿ ಕಣ್ಣಿಗೆ ಕಾಣದಷ್ಟು ಹೆಚ್ಚಾದರೂ ಮಸೂರವೇ ಕೆಡುತ್ತದೆ. ಇಷ್ಟು ಶ್ರಮದಿಂದ ಮಾಡಿದ ಮಸೂರವನ್ನು ಕೊಳ್ಳುವವರು ಮಾತ್ರ ಬೆರಳೆಣಿಕೆಯಷ್ಟು ಜನ.

ಈಗ ಹಂಪೆಯ ಕಡೆಗೆ ಹೊರಡೋಣ. ದಾರಿಯಲ್ಲಿ ಬೇಲೂರು ಹಳೇಬೀಡುಗಳನ್ನು ನೆನೆಯದೆ ಮುಂದೆ ಹೋಗಲಾಗದು. ಮದರಾಸು ಸೈನ್ಯದ ಲಿನೇಯಸ್ ಟ್ರೈಪ್ ಮತ್ತು ವೈದ್ಯನಾಗಿದ್ದ ಆಂಡ್ರೂ ನೀಲ್ 1854ರಲ್ಲಿ ಆ ಎರಡು ದೇವಾಲಯಗಳ ಚಿತ್ರಗಳನ್ನು ದೊಡ್ಡ ಕಾಗದದ ನೆಗೆಟಿವುಗಳಲ್ಲಿ ತೆಗೆದರು. ಅದಾದ ಒಂದೆರಡು ವರ್ಷದಲ್ಲೇ ಅದೇ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ಹಂಪೆಗೆ ಬಂದ. ಅವನ ನೆಗೆಟಿವುಗಳು ಸುಮಾರು 16 ಅಂಗುಲಕ್ಕೆ 18 ಅಂಗುಲದವು. ಆನೆಯ ಲಾಯ, ಕಮಲ ಮಹಲು, ವಿರೂಪಾಕ್ಷನ ಗುಡಿ, ವಿಠ್ಠಲನ ಗುಡಿ, ಹೀಗೆ ಒಂದೊಂದರ ಮುಂದೆಯೂ ಆ ಭಾರದ ಪೆಟ್ಟಿಗೆಯನ್ನು ಇಳಿಸಿ, ಕರಿಯ ಬಟ್ಟೆಯೊಳಗೆ ತಲೆ ಹುದುಗಿಸಿ, ತಲೆಕೆಳಗಾದ ಬಿಂಬವನ್ನು ನೋಡಿ ಹೊಂದಿಸಿ, ಹಲವು ನಿಮಿಷ ಕಾದು, ಅವನು ಸುಮಾರು ಅರವತ್ತು ನೆಗೆಟಿವುಗಳನ್ನು ಮಾಡಿದ. ರಾಬರ್ಟ್ ಸೂಯೆಲ್ ವಿಜಯನಗರವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದು 1900ರಲ್ಲಿ. ಹಂಪೆಯನ್ನು ಓದುಗಲೋಕ ಮರೆತಿದ್ದ ಕಾಲದಲ್ಲಿ, ಆ ಗ್ರಂಥಕ್ಕಿಂತ ನಾಲ್ಕು ದಶಕಗಳಿಗೂ ಮೊದಲು, ಈ ಕೆಲಸ ನಡೆದಿತ್ತು.

ಆ ನೆಗೆಟಿವುಗಳಲ್ಲಿ ಒಂದು ಕಲ್ಲಿನ ರಥದ್ದು. ವಿಠ್ಠಲ ದೇವಾಲಯದ ಅಂಗಳದಲ್ಲಿರುವ, ನಿಜವಾಗಿ ಗರುಡನ ಗುಡಿಯಾದ ಆ ರಥವನ್ನು ಅರಿಯದ ಕನ್ನಡಿಗರಿಲ್ಲ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದೇ ರಥವಿದೆ. ನೋಟಿನಲ್ಲಿ ಕಾಣುವಂತೆ, ಇಂದು ಅಂಗಳದಲ್ಲಿ ನಿಂತಿರುವಂತೆ, ರಥದ ಮೇಲ್ಭಾಗ ಚಪ್ಪಟೆ. ನಾವೆಲ್ಲರೂ ಅದೇ ಅದರ ನಿಜರೂಪವೆಂದು ನಂಬಿಕೊಂಡಿದ್ದೇವೆ. ಗ್ರೀನ್‌ಲಾನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಅದನ್ನು ತೆಗೆದುಹಾಕಲಾಯಿತು. ತೆಗೆದುಹಾಕಿದ ಇಟ್ಟಿಗೆಯನ್ನು ಯಾರು ತಾನೆ ನೆನಪಿಟ್ಟಾರು? ಎರಡು ತಲೆಮಾರು ಕಳೆಯುವಷ್ಟರಲ್ಲಿ ಬೋಳಾದ ರಥವೇ ಸಹಜವಾಯಿತು. ಚಿತ್ರಪಟಗಳೂ ಗೊಂಬೆಗಳೂ ಅದನ್ನೇ ಅನುಸರಿಸಿದವು.

ಒಂದು ಮಾತು ಇಲ್ಲಿ ಗಮನಿಸತಕ್ಕದ್ದು. ಶಿಖರ ಬೀಳಲಿದೆ ಎಂದು ತಿಳಿದು ಗ್ರೀನ್‌ಲಾ ಅದರ ಚಿತ್ರ ತೆಗೆದವನಲ್ಲ. ಅವನ ಎದುರಿಗೆ ರಥವಿತ್ತು, ರಥದ ಮೇಲೆ ಶಿಖರವಿತ್ತು, ಎರಡೂ ಮೂಡಿದವು. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬ ವಿವೇಚನೆ ಮಸೂರಕ್ಕಿಲ್ಲ. ನಾವು ಸಾಮಾನ್ಯವಾಗಿ ಇದನ್ನು ಯಂತ್ರದ ಕೊರತೆಯೆಂದೇ ಹೇಳುತ್ತೇವೆ. ಕಾಲ ಕಳೆದಮೇಲೆ ನೋಡಿದರೆ ಅದೇ ಅದರ ದೊಡ್ಡ ಗುಣ. ಮುಂದಿನವರಿಗೆ ಏನು ಬೇಕಾದೀತೆಂದು ಇಂದಿನವರು ಊಹಿಸಲಾರರು. ಆದುದರಿಂದ ಆರಿಸದೆ ಎಲ್ಲವನ್ನೂ ಇಟ್ಟುಕೊಳ್ಳುವ ಸಾಕ್ಷಿಯೊಬ್ಬ ಬೇಕು. ಹಾಗೆ ಇಟ್ಟುಕೊಂಡದ್ದು ಮುಂದೆ ಉಪಯೋಗಕ್ಕೆ ಬರಬೇಕಾದರೆ ವಿವರ ಸ್ಪಷ್ಟವಾಗಿರಬೇಕು, ಹಾಳೆ ವಿಸ್ತಾರವಾಗಿರಬೇಕು.

ಗ್ರೀನ್‌ಲಾನ ನೆಗೆಟಿವುಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಣ್ಮರೆಯಾಗಿದ್ದು 1980ರಲ್ಲಿ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. ಯೋಗಾಯೋಗವೆಂದರೆ ಅದೇ ಸುಮಾರಿನಲ್ಲಿ ಹಂಪೆಯಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರ ನೇತೃತ್ವದಲ್ಲಿ ರಾಜ್ಯದ ಪುರಾತತ್ವ ಇಲಾಖೆ ಉತ್ಖನನ ನಡೆಸುತ್ತಿತ್ತು. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಎಂಬ ವಿದ್ವಾಂಸರು ಒಂದೊಂದು ಕಟ್ಟಡವನ್ನೂ ಅಳೆದು ನಕ್ಷೆ ಬರೆಯುವುದಕ್ಕೆ ತೊಡಗಿದ್ದರು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರಗಳನ್ನು ತೆಗೆದ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಏನು ಉಳಿಯಿತು, ಏನು ಬಿತ್ತು, ಯಾವುದನ್ನು ದುರಸ್ತಿಮಾಡಿದರು ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೆಗೆಟಿವುಗಳು ಮುಂದೆ ದೆಹಲಿಯ ಅಲ್ಕಾಜಿ ಸಂಗ್ರಹವನ್ನು ಸೇರಿದವು. ಅವುಗಳನ್ನು ಆಧರಿಸಿದ ಗ್ರಂಥವೊಂದು 2008ರಲ್ಲಿ ಪ್ರಕಟವಾಯಿತು.

ಗ್ರೀನ್‌ಲಾನ ಅನಂತರ ಮಸೂರಗಳು ಇನ್ನೂ ಉದ್ದವಾದವು. 1875ರಲ್ಲಿ ಸಿಡ್ನಿಯಲ್ಲಿ ಹೋಲ್ಟರ್‌ಮನ್ ಎಂಬ ಶ್ರೀಮಂತ, ಬೇಲಿಸ್ ಎಂಬ ಛಾಯಾಗ್ರಾಹಕನ ನೆರವಿನಿಂದ, ತನ್ನ ಮನೆಯ ಗೋಪುರವನ್ನೇ ಕ್ಯಾಮರಾ ಮಾಡಿ, 100 ಅಂಗುಲ ಸಂಗಮದೂರದ ಮಸೂರದಿಂದ ಐದಡಿಯಗಲದ ಗಾಜಿನ ಮೇಲೆ ಬಂದರಿನ ಚಿತ್ರ ತೆಗೆಸಿದ. 1900ರಲ್ಲಿ ಷಿಕಾಗೋದ ಲಾರೆನ್ಸ್ ಎಂಬಾತ ರೈಲ್ವೆ ಕಂಪನಿಯೊಂದಕ್ಕಾಗಿ ಎಂಟಡಿಗೆ ನಾಲ್ಕೂವರೆ ಅಡಿಯ ಗಾಜು ಹಿಡಿಸುವ, 1,400 ಪೌಂಡು ತೂಕದ ಕ್ಯಾಮರಾ ಕಟ್ಟಿಸಿದ. ಅದರ ಎರಡು ಮಸೂರಗಳಲ್ಲಿ ಒಂದರ ಸಂಗಮದೂರ ಹತ್ತಡಿ. ಧೂಳು ಒರೆಸಲು ಆಳೊಬ್ಬ ಕ್ಯಾಮರಾದ ಒಳಗೇ ಇಳಿಯುತ್ತಿದ್ದನಂತೆ! ಇವು ಹೆಚ್ಚಾಗಿ ವೈಭವದ ಪ್ರದರ್ಶನಗಳು.

ವೈಭವಕ್ಕಲ್ಲದೆ ಜ್ಞಾನಕ್ಕಾಗಿಯೇ ಬಂದ ದೀರ್ಘಮಸೂರವೊಂದು ನಮ್ಮ ನೆರೆಯಲ್ಲಿಯೇ ನಿಂತಿತ್ತು. 1898ರ ಜನವರಿ 22ರಂದು ಪೂರ್ಣ ಸೂರ್ಯಗ್ರಹಣ. ಅದನ್ನು ನೋಡಲು ಅಮೆರಿಕದ ಲಿಕ್ ವೀಕ್ಷಣಾಲಯದಿಂದ ಕ್ಯಾಂಬೆಲ್ ದಂಪತಿಗಳು, ಕನ್ನಡಿಗರು ನೆಲಸಿರುವ ಸೊಲ್ಲಾಪುರ ಜಿಲ್ಲೆಯ ಜೇವೂರಿಗೆ ಬಂದರು. ಅವರು ತಂದ ಕ್ಯಾಮರಾದ ಮಸೂರ ಐದೇ ಅಂಗುಲ ಅಗಲ; ಸಂಗಮದೂರ ಮಾತ್ರ 40 ಅಡಿ. ಅಷ್ಟು ದೂರ ಸಾಗಿ ಬಂದ ಬೆಳಕು ಸೂರ್ಯನನ್ನು ನಾಲ್ಕೂವರೆ ಅಂಗುಲದಷ್ಟು ದೊಡ್ಡ ಬಿಂಬವಾಗಿ ಗಾಜಿನ ಮೇಲೆ ಬರೆಯುತ್ತಿತ್ತು. ಸೂರ್ಯ ಪೂರ್ತಿ ಮರೆಯಾದ ಹೊತ್ತು ಸುಮಾರು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಮಾತ್ರ ತೋರಿ ಅಡಗುವ ಪ್ರಭಾವಲಯವನ್ನು ಆ ಗಾಜುಗಳು ಹಿಡಿದಿಟ್ಟವು. ಗ್ರೀನ್‌ಲಾನ ಶಿಖರ ನಿಂತದ್ದು ಶತಮಾನಗಳ ಕಾಲ. ಈ ಪ್ರಭೆ ನಿಂತದ್ದು ಎರಡು ನಿಮಿಷ. ಹೋದುದನ್ನು ಮತ್ತೆ ನೋಡುವ ದಾರಿ ಮಾತ್ರ ಎರಡಕ್ಕೂ ಒಂದೇ.

ಇಪ್ಪತ್ತನೆಯ ಶತಮಾನದಲ್ಲಿ ನೆಗೆಟಿವನ್ನು ಹಿಗ್ಗಿಸುವ ಅನುಕೂಲ ಬಂದು ದೊಡ್ಡ ಕ್ಯಾಮರಾಗಳು ಹಿನ್ನೆಲೆಗೆ ಸರಿದವು. ದೀರ್ಘಮಸೂರಗಳಿಗೆ ಆಶ್ರಯ ಕೊಟ್ಟದ್ದು ಮುದ್ರಣಾಲಯ ಮತ್ತು ಭೂಪಟ ಕಚೇರಿಗಳು. ಅಲ್ಲಿ ಪ್ರೋಸೆಸ್ ಕ್ಯಾಮರಾ ಎಂಬುದೊಂದಿರುತ್ತಿತ್ತು. ಅದು ಹಳಿಯ ಮೇಲೆ ಸರಿಯುವ, ಕೋಣೆಯುದ್ದದ ಕ್ಯಾಮರಾ. ಒಂದು ತುದಿಯಲ್ಲಿ ಪ್ರಖರ ದೀಪಗಳ ನಡುವೆ ಮೂಲಚಿತ್ರ, ಇನ್ನೊಂದು ತುದಿಯಲ್ಲಿ ಕತ್ತಲ ಕೋಣೆಯೊಳಗೆ ಫಿಲ್ಮು. ಮೂಲದಷ್ಟೇ ದೊಡ್ಡ ಪ್ರತಿ ಬೇಕಾದರೆ ಎರಡು ತುದಿಗಳ ನಡುವೆ ಸಂಗಮದೂರದ ನಾಲ್ಕರಷ್ಟು ಅಂತರವಿರಬೇಕು. 48 ಅಂಗುಲದ ಮಸೂರಕ್ಕೆ 16 ಅಡಿ. ಬಣ್ಣದ ಚಿತ್ರವೊಂದು ಅಚ್ಚಾಗುವ ಮೊದಲು ಅದನ್ನು ಬೇರೆ ಬೇರೆ ಬಣ್ಣಗಳಾಗಿ ಒಡೆಯಬೇಕು. ಕೆಂಪಿನ ಬಿಂಬ ನೀಲಿಯ ಬಿಂಬಕ್ಕಿಂತ ಕೂದಲೆಳೆಯಷ್ಟು ದೊಡ್ಡದಾದರೂ ಅಚ್ಚಿನಲ್ಲಿ ದೇವಿಯ ತುಟಿ ಒಂದು ಕಡೆ, ತುಟಿಯ ಕೆಂಪು ಇನ್ನೊಂದು ಕಡೆ! ಆದುದರಿಂದ ಎಲ್ಲ ಬಣ್ಣಗಳನ್ನೂ ಒಂದೇ ಅಳತೆಯಲ್ಲಿ, ಒಂದೇ ಜಾಗದಲ್ಲಿ ಕೂಡಿಸುವ ವಿಶೇಷ ಮಸೂರಗಳನ್ನು ಗೋಯರ್ಟ್ಸ್, ರೋಡೆನ್‌ಸ್ಟಾಕ್, ನಿಕಾನ್ ಮುಂತಾದ ಕಂಪನಿಗಳು ಮಾಡಿದವು. ನಮ್ಮ ವಾರಪತ್ರಿಕೆಗಳ ಮುಖಪುಟ, ಗೋಡೆಯ ಕ್ಯಾಲೆಂಡರು, ಶಾಲೆಯ ಭೂಪಟ ಇವೆಲ್ಲ ಒಂದು ಕಾಲಕ್ಕೆ ಇಂಥ ಕ್ಯಾಮರಾಗಳಿಂದ ಬಂದವು.

ಬೆಂಗಳೂರಿನ ಮುದ್ರಣಾಲಯವೊಂದರಲ್ಲಿ ನನ್ನ ಸ್ನೇಹಿತರೊಬ್ಬರು ಈ ಕೆಲಸದಲ್ಲಿದ್ದರು. ಒಮ್ಮೆ ನನ್ನನ್ನು ಕತ್ತಲ ಕೋಣೆಗೆ ಕರೆದೊಯ್ದು ಮಸುಕು ಗಾಜಿನ ಮೇಲೆ ಮೂಡಿದ ಬಿಂಬವನ್ನು ತೋರಿಸಿದರು. ಯಾವುದೋ ತಾಲ್ಲೂಕಿನ ನಕ್ಷೆ. ಕೆರೆ, ಕಾಲುದಾರಿ, ಎಲ್ಲೆಕಲ್ಲು ಎಲ್ಲವೂ ತಲೆಕೆಳಗಾಗಿ ನಿಂತಿದ್ದವು. ಆದರೆ ಮೂಲೆಯ ಅಕ್ಷರವೂ ನಡುವಿನ ಅಕ್ಷರದಷ್ಟೇ ಚೂಪಾಗಿತ್ತು. ‘ನಮ್ಮ ಕಣ್ಣಿಗೆ ಮೂಲೆ ಬೇರೆ, ನಡು ಬೇರೆ. ಇದಕ್ಕೆ ಆ ಭೇದವಿಲ್ಲ’ ಎಂದರು. ತೊಂಬತ್ತರ ದಶಕದಲ್ಲಿ ಸ್ಕ್ಯಾನರು, ಕಂಪ್ಯೂಟರುಗಳು ಬಂದವು. ಕ್ಯಾಮರಾಕ್ಕೆ ಕೆಲಸವಿಲ್ಲವಾಯಿತು. ಮುಂದೊಂದು ದಿನ ಸ್ನೇಹಿತರು ಸಿಕ್ಕಾಗ ಅದೇನಾಯಿತೆಂದು ಕೇಳಿದೆ. ‘ಗುಜರಿಗೆ ಹಾಕಿದರು, ಸ್ವಾಮಿ. ಕಬ್ಬಿಣ ಬೇರೆ, ಹಿತ್ತಾಳೆ ಬೇರೆ ತೂಗಿದರು. ಗಾಜಿಗೆ ತೂಕ ಕಟ್ಟಲಿಲ್ಲ’ ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಮನೆಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿಯನ್ನು ಹೇಳುವ ಧ್ವನಿಯಿತ್ತು. ಹೊರದೇಶಗಳಲ್ಲಿ, ಮತ್ತೆ ದೊಡ್ಡ ನೆಗೆಟಿವುಗಳ ಮೋಹಕ್ಕೆ ಬಿದ್ದ ಕೆಲವರು ಇಂಥವೇ ಹಳೆಯ ಮಸೂರಗಳನ್ನು ಹುಡುಕಿ ಹುಡುಕಿ ಕೊಂಡು, ಕೈಯಾರೆ ಕಟ್ಟಿದ ಮರದ ಕ್ಯಾಮರಾಗಳಿಗೆ ಜೋಡಿಸುತ್ತಾರೆಂದು ನಾನು ತಿಳಿದದ್ದು ಅದಾದ ಬಹುಕಾಲದ ಮೇಲೆ.

ಹಳೆಯದೆಲ್ಲವೂ ಒಳ್ಳೆಯದೆಂದು ನಾನು ವಾದಿಸುವುದಿಲ್ಲ. ಇಂದಿನ ಯಂತ್ರಗಳು ಕ್ಷಣಾರ್ಧದಲ್ಲಿ ಮಾಡುವುದನ್ನು ಅಂದಿನವರು ಬೆವರು ಹರಿಸಿಯೂ ಮಾಡಲಾರದೆ ಹೋದರು. ಮಸೂರ ಹೋದರೆ ಇನ್ನೊಂದನ್ನು ಮಾಡಿಯಾರು. ನನ್ನ ಚಿಂತೆ ಅದರ ಹಿಂದಿನ ಹಾಳೆಗಳದ್ದು. ನಮ್ಮ ಪಟ್ಟಣಗಳ ಹಳೆಯ ಸ್ಟುಡಿಯೋಗಳಲ್ಲಿ ಗಾಜಿನ ನೆಗೆಟಿವುಗಳ ಪೆಟ್ಟಿಗೆಗಳಿದ್ದವು. ಅವುಗಳನ್ನು ತೊಳೆದು ಕಿಟಕಿಗೂ ಪಟದ ಕಟ್ಟಿಗೂ ಬಳಸಿದ್ದನ್ನು ನಾನೇ ಕಂಡಿದ್ದೇನೆ. ತೊಳೆದವರಿಗೆ ಅದರಲ್ಲಿ ಕಂಡದ್ದು ಯಾರದೋ ಮದುವೆಯ ಗುಂಪು. ಗುಂಪಿನ ಹಿಂದೆ ಇದ್ದಿರಬಹುದಾದ ಚಾವಡಿ, ಕಡಿದುಹಾಕಿದ ಅರಳಿಮರ, ಮುಚ್ಚಿಹೋದ ಕಲ್ಯಾಣಿ, ಇವು ಯಾರ ಕಣ್ಣಿಗೂ ಬೀಳಲಿಲ್ಲ. ಕಲ್ಲಿನ ರಥದ ಇಟ್ಟಿಗೆ ಶಿಖರ ಹಾಗೆಯೇ ಅಲ್ಲವೆ ಹೋದದ್ದು? ಅದಕ್ಕೆ ಒಬ್ಬ ಗ್ರೀನ್‌ಲಾ ಸಿಕ್ಕಿದ, ಅವನ ಹಾಳೆಗಳನ್ನು ಎಸೆಯದೆ ಇಟ್ಟುಕೊಂಡ ಮನೆಯೂ ಸಿಕ್ಕಿತು. ನಮ್ಮೂರಿನ ಕಲ್ಯಾಣಿಗಳಿಗೆ ಆ ಭಾಗ್ಯವಿಲ್ಲ.

ಈ ಮಾತನ್ನು ಓದುವವರ ಮನೆಯ ಅಟ್ಟದಲ್ಲಿ, ತಾತನ ಟ್ರಂಕಿನಲ್ಲಿ, ಮುಚ್ಚಿದ ಸ್ಟುಡಿಯೋದ ಮೂಲೆಯಲ್ಲಿ ಅಂಥ ಗಾಜೊಂದು ಇದ್ದರೂ ಇದ್ದೀತು. ಅದರಲ್ಲಿರುವ ಮುಖಗಳು ಗುರುತು ಸಿಕ್ಕದಿರಬಹುದು. ತೊಳೆಯುವ ಮುನ್ನ ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು, ಮುಖಗಳ ಹಿಂದೆ ಏನಿದೆಯೆಂದು ನಿಧಾನವಾಗಿ ನೋಡಿ. ಚಿತ್ರ ತೆಗೆದವನು ಕೂಡ ನೋಡದೆ ಬಿಟ್ಟದ್ದು ಅಲ್ಲಿ ನಿಮಗಾಗಿ ಕಾಯುತ್ತಿರಬಹುದು.